ಚೌಕಟ್ಟಿನ ಹೊರಗೆ ಉಳಿದವರು

ನಮ್ಮ ಊರುಗಳ ಹಳೆಯ ಫೋಟೋ ಸ್ಟುಡಿಯೋಗಳಲ್ಲಿ ಕುರ್ಚಿಯ ಹಿಂದೆ ಒಂದು ಪರದೆ ಇಳಿಬಿಟ್ಟಿರುತ್ತಿತ್ತು. ಅದರ ಮೇಲೆ ಬಣ್ಣದಲ್ಲಿ ಬರೆದ ಒಂದು ಸರೋವರ, ಸರೋವರದಾಚೆ ಹಿಮ ಹೊದ್ದ ಬೆಟ್ಟ, ಬದಿಗೆ ಒಂದು ಎತ್ತರದ ಮರ, ನೀರಿನ ಮೇಲೊಂದು ದೋಣಿ. ಹೊಸದಾಗಿ ಮದುವೆಯಾದವರು, ಈದ್ ದಿನ ಹೊಸ ಬಟ್ಟೆ ತೊಟ್ಟ ಮಕ್ಕಳು, ಕೊಲ್ಲಿಯ ದೇಶಗಳಿಗೆ ಹೊರಟು ನಿಂತ ಯುವಕರು, ಎಲ್ಲರೂ ಆ ಬೆಟ್ಟದ ಮುಂದೆಯೇ ನಿಂತು ಫೋಟೋ ತೆಗೆಸಿಕೊಂಡರು. ಕ್ಷೌರದಂಗಡಿಯ ಕ್ಯಾಲೆಂಡರಿನಲ್ಲೂ ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲೂ ಇದ್ದದ್ದು ಅದೇ ಬೆಟ್ಟ, ಅದೇ ನೀರು, ಅದೇ ಮರ. ಆ ದೋಣಿಯನ್ನು ನಡೆಸುವವನು ಯಾರು, ಆ ದಂಡೆಯ ಮೇಲೆ ಮನೆ ಮಾಡಿಕೊಂಡವರು ಯಾರು ಎಂದು ನಾವು ಕೇಳಲಿಲ್ಲ. ಚಿತ್ರದಲ್ಲಿ ಅವರು ಇರಲೇ ಇಲ್ಲವಲ್ಲ!

ಈಗ ಕ್ಯಾಮರಾ ಎಲ್ಲರ ಜೇಬಿಗೆ ಬಂದಿದೆ. ಜೋಗಕ್ಕೆ ಹೋದವರು, ಆಗುಂಬೆಯ ಸೂರ್ಯಾಸ್ತಕ್ಕೆ ಹೋದವರು, ಕುದುರೆಮುಖದ ಹುಲ್ಲುಗಾವಲು ಹತ್ತಿದವರು ಮೊಬೈಲು ಎತ್ತಿ ಹಿಡಿಯುತ್ತಾರೆ. ಒಳ್ಳೆಯ ನಿಸರ್ಗಚಿತ್ರ ಹೇಗಿರಬೇಕು ಎಂದು ಹೇಳಿಕೊಡುವವರೂ ಬೇಕಾದಷ್ಟಿದ್ದಾರೆ. ದಿಗಂತವನ್ನು ಸರಿ ನಡುವೆ ಇಡಬೇಡಿ, ಮುನ್ನೆಲೆಯಲ್ಲಿ ಒಂದು ಕಲ್ಲೋ ಮರವೋ ಇರಲಿ, ಬೇಡದ್ದನ್ನು ಕತ್ತರಿಸಿ ತೆಗೆಯಿರಿ. ಮಾತುಗಳೇನೋ ಸರಿಯೇ. ಆದರೆ ಬೇಡದ್ದು ಯಾವುದು? ಅದನ್ನು ಮೊದಲು ತೀರ್ಮಾನಿಸಿದವರು ಯಾರು? ಈ ನಿಯಮಗಳು ಬೆಟ್ಟದಲ್ಲಿ ಹುಟ್ಟಿದವಲ್ಲ. ಮನುಷ್ಯರು ಮಾಡಿದವು, ಒಂದು ಕಾಲದಲ್ಲಿ ಒಂದು ಅಗತ್ಯಕ್ಕೆ ಮಾಡಿದವು. ಅವುಗಳ ಇತಿಹಾಸ ತಿಳಿದವರು ಇನ್ನೂ ಒಳ್ಳೆಯ ಚಿತ್ರ ತೆಗೆಯಬಲ್ಲರು ಎಂಬುದು ನಮ್ಮ ನಂಬಿಕೆ.

ಮಂಜರ್ ಮತ್ತು ಹಾಶಿಯಾ

ನಿಸರ್ಗದೃಶ್ಯಕ್ಕೆ ಉರ್ದುವಿನಲ್ಲಿ ‘ಮಂಜರ್’ ಎನ್ನುತ್ತಾರೆ. ‘ನಜರ್’ ಎಂಬ ಪದ ಹುಟ್ಟಿದ ಅರಬಿ ಧಾತುವಿನಿಂದಲೇ ಇದೂ ಬಂದದ್ದು. ನೋಟ ಬೀಳುವ ಜಾಗ ಎಂದು ಅದರ ಅರ್ಥ. ಅಂದರೆ ನೋಡುವವನಿಲ್ಲದೆ ಮಂಜರ್ ಇಲ್ಲ. ಇಂಗ್ಲಿಷಿನ ‘ಲ್ಯಾಂಡ್‌ಸ್ಕೇಪ್’ ಡಚ್ ಭಾಷೆಯಿಂದ ಹೋದ ಪದ. ಅಲ್ಲಿ ಅದಕ್ಕೆ ಮೊದಲು ಒಂದು ಸೀಮೆ, ಒಂದು ಪ್ರದೇಶ ಎಂಬ ಅರ್ಥವಿತ್ತು. ನೆಲಕ್ಕಿದ್ದ ಹೆಸರು ಕ್ರಮೇಣ ನೆಲದ ಚಿತ್ರಕ್ಕೆ ಹೆಸರಾಯಿತು.

ಮಂಜರ್ ಪದದ ಬಹುವಚನ ‘ಮನಾಜಿರ್’. ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಇಬ್ನುಲ್ ಹೈಸಮ್ ಹನ್ನೊಂದನೆಯ ಶತಮಾನದ ಮೊದಲ ದಶಕಗಳಲ್ಲಿ ಬರೆದ ಮಹಾಗ್ರಂಥದ ಹೆಸರು ‘ಕಿತಾಬುಲ್ ಮನಾಜಿರ್’. ಕಣ್ಣಿನಿಂದ ಕಿರಣಗಳು ಹೊರಟು ವಸ್ತುವನ್ನು ಮುಟ್ಟುತ್ತವೆ ಎಂಬ ಹಳೆಯ ಮತವನ್ನು ತಳ್ಳಿಹಾಕಿ, ಬೆಳಕು ವಸ್ತುವಿನಿಂದ ಕಣ್ಣಿಗೆ ಬರುತ್ತದೆ ಎಂದು ಆತ ಪ್ರಯೋಗಗಳ ಮೂಲಕ ತೋರಿಸಿದ. ಕತ್ತಲ ಕೋಣೆಯ ಒಂದು ರಂಧ್ರದ ಎದುರು ದೀಪಗಳನ್ನಿಟ್ಟು ಅವುಗಳ ಬೆಳಕು ಒಂದಕ್ಕೊಂದು ಬೆರೆಯದೆ ಗೋಡೆಯ ಮೇಲೆ ಬೀಳುವುದನ್ನು ಪರೀಕ್ಷಿಸಿದ. ಕ್ಯಾಮರಾ ಎಂದರೆ ಮೂಲದಲ್ಲಿ ಆ ಕತ್ತಲ ಕೋಣೆಯೇ.

ಇನ್ನೊಂದು ಪದವೂ ನಮಗಿಲ್ಲಿ ಬೇಕು. ಅದು ‘ಹಾಶಿಯಾ’. ಪುಟದ ಅಂಚು, ಚಿತ್ರದ ಸುತ್ತ ಬಿಟ್ಟ ಜಾಗ. ಮೊಗಲರ ಆಸ್ಥಾನದಲ್ಲಿ ಚಿತ್ರಗಳನ್ನೂ ಅಂದದ ಬರಹದ ಹಾಳೆಗಳನ್ನೂ ಕೂಡಿಸಿ ಕಟ್ಟುತ್ತಿದ್ದ ಆಲ್ಬಮ್‌ಗಳಿಗೆ ‘ಮುರಕ್ಕಾ’ ಎಂದು ಹೆಸರು. ಬೇರೆ ಬೇರೆ ಅಳತೆಯ ಚಿತ್ರಗಳು ಒಂದೇ ಅಳತೆಯ ಪುಟಕ್ಕೆ ಹೊಂದಬೇಕಿತ್ತು. ಹಾಗಾಗಿ ಕೆಲವನ್ನು ಕತ್ತರಿಸುತ್ತಿದ್ದರು, ಕೆಲವಕ್ಕೆ ಪಟ್ಟಿ ಅಂಟಿಸಿ ಹಿಗ್ಗಿಸುತ್ತಿದ್ದರು, ಸುತ್ತ ಬಂಗಾರದ ಬಳ್ಳಿಗಳ ಹಾಶಿಯಾ ಬಿಡಿಸುತ್ತಿದ್ದರು. ಕ್ಯಾಮರಾ ಹುಟ್ಟುವುದಕ್ಕೆ ಎರಡು ಶತಮಾನ ಮೊದಲೇ ಚಿತ್ರಕ್ಕೆ ಕತ್ತರಿ ಬಿದ್ದಿತ್ತು ಎಂದಾಯಿತು. ಜಹಾಂಗೀರನ ಆಲ್ಬಮ್ಮಿನ ಒಂದು ಪುಟದಲ್ಲಿ ಆ ಹಾಶಿಯಾದೊಳಗೆ ಪುಸ್ತಕ ತಯಾರಿಸುವ ಕುಶಲಕರ್ಮಿಗಳನ್ನೇ ಬಿಡಿಸಿದ್ದಾರೆ. ಕಾಗದವನ್ನು ಉಜ್ಜಿ ನುಣುಪು ಮಾಡುವವನು, ಅಂಚನ್ನು ಕತ್ತರಿಸುವವನು, ಬರೆಯುವವನು, ಹೀಗೆ. ನಡುವಿನ ಜಾಗ ದೊಡ್ಡವರದು, ದುಡಿಯುವವರದು ಅಂಚು. ಇವತ್ತಿಗೂ ಉರ್ದುವಿನಲ್ಲಿ ಸಮಾಜ ದೂರ ತಳ್ಳಿದವರನ್ನು ‘ಹಾಶಿಯೆಯ ಮೇಲಿನವರು’ ಎನ್ನುತ್ತಾರೆ, ಕನ್ನಡದಲ್ಲೂ ನಾವು ‘ಅಂಚಿಗೆ ಸರಿದವರು’ ಎನ್ನುತ್ತೇವೆ. ಎರಡೂ ಭಾಷೆಗಳು ಒಂದೇ ಸತ್ಯವನ್ನು ಹೇಳುತ್ತಿವೆ.

ಸುತ್ತಿಗೆಯ ಮಾತಾಡಿದ ಪಾದ್ರಿ

ಇಂದು ನಿಸರ್ಗದ ಫೋಟೋಕ್ಕೆ ನಾವು ಅನ್ವಯಿಸುವ ನಿಯಮಗಳು ಹೆಚ್ಚಾಗಿ ಯುರೋಪಿನ ವರ್ಣಚಿತ್ರದಿಂದ ಬಂದವು. ಹದಿನೇಳನೆಯ ಶತಮಾನದಲ್ಲಿ ರೋಮಿನಲ್ಲಿ ನೆಲೆಸಿದ್ದ ಕ್ಲಾದ್ ಲೊರೇನ್ ಎಂಬ ಫ್ರೆಂಚ್ ಕಲಾವಿದ ಒಂದು ವಿನ್ಯಾಸವನ್ನು ಜನಪ್ರಿಯಗೊಳಿಸಿದ. ಒಂದು ಬದಿಗೆ ಕಪ್ಪಾದ ದೊಡ್ಡ ಮರ, ಮಧ್ಯದಲ್ಲಿ ನೀರು ಅಥವಾ ಸೇತುವೆ, ದೂರದಲ್ಲಿ ಬೆಳಕಿನಲ್ಲಿ ಕರಗುವ ಬೆಟ್ಟ. ಕಣ್ಣು ಕತ್ತಲಿನಿಂದ ಹೊರಟು ಬೆಳಕಿಗೆ ಹೋಗಿ ತಲಪುತ್ತದೆ. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಪ್ರವಾಸಿಗರು ಬಣ್ಣ ಹಚ್ಚಿದ ಒಂದು ಉಬ್ಬುಗನ್ನಡಿಯನ್ನು ಜೊತೆಗೇ ಒಯ್ಯುತ್ತಿದ್ದರು. ಅದಕ್ಕೆ ಕ್ಲಾದನದೇ ಹೆಸರು. ನಿಸರ್ಗಕ್ಕೆ ಬೆನ್ನು ತಿರುಗಿಸಿ ನಿಂತು ಕನ್ನಡಿಯಲ್ಲಿ ಅದನ್ನು ಚಿತ್ರದಂತೆ ನೋಡುವುದು ಅವರ ಖುಷಿ. ಬೆಟ್ಟಕ್ಕೆ ಬೆನ್ನು ಹಾಕಿ ಸೆಲ್ಫಿ ತೆಗೆಯುವವರನ್ನು ನೋಡಿ ನಗುವವರು ಇದನ್ನು ನೆನಪಿಡಬೇಕು.

ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ 1782ರಲ್ಲಿ ವೈ ನದಿಯ ಪ್ರವಾಸದ ಪುಸ್ತಕವನ್ನು ಪ್ರಕಟಿಸಿದ. ಯಾವ ನೋಟ ಚಿತ್ರಕ್ಕೆ ಯೋಗ್ಯ, ಯಾವುದು ಅಲ್ಲ ಎಂದು ಅಳೆಯುವುದು ಅವನ ಉದ್ದೇಶ. ಟಿಂಟರ್ನ್ ಎಂಬಲ್ಲಿಯ ಪಾಳುಬಿದ್ದ ಮಠದ ಗೋಡೆಗಳು ತೀರ ನೇರವಾಗಿ ನಿಂತಿದ್ದು ಅವನ ಕಣ್ಣಿಗೆ ಒಪ್ಪಲಿಲ್ಲ. ಒಂದು ಸುತ್ತಿಗೆಯಿಂದ ಹದವಾಗಿ ಒಡೆದರೆ ಚೆನ್ನಾಗಿತ್ತು, ಆದರೆ ಹಾಗೆ ಮಾಡುವ ಧೈರ್ಯ ಯಾರಿಗಿದೆ ಎಂಬ ಅರ್ಥದ ಮಾತನ್ನು ಅವನು ಬರೆದ. ತಮಾಷೆಯಂತೆ ಕಾಣುವ ಈ ಮಾತನ್ನು ಓದುಗರು ಮರೆಯಬಾರದು. ಚಿತ್ರಕ್ಕಾಗಿ ನೆಲವನ್ನೇ ತಿದ್ದಬೇಕೆಂಬ ಆಸೆ ಅಲ್ಲಿ ಮೊಳಕೆಯೊಡೆದಿದೆ. ಅದು ಮುಂದೆ ಎಲ್ಲಿಗೆ ಬಂದು ತಲಪಿತು ಎಂಬುದನ್ನು ಹಂಪಿಯಲ್ಲಿ ನೋಡೋಣ.

ಚೌಕಟ್ಟನ್ನು ಮೂರು ಪಾಲು ಮಾಡುವ ಪ್ರಸಿದ್ಧ ನಿಯಮವೂ ಈ ಕಾಲದ್ದೇ. ಜಾನ್ ಥಾಮಸ್ ಸ್ಮಿತ್ ಎಂಬ ಕಲಾವಿದ 1797ರ ತನ್ನ ಪುಸ್ತಕದಲ್ಲಿ ನೆಲಕ್ಕೆ ಒಂದು ಪಾಲಾದರೆ ಆಕಾಶಕ್ಕೆ ಎರಡು ಪಾಲು ಎಂಬಂತಹ ಲೆಕ್ಕವನ್ನು ಹೇಳಿ ಅದಕ್ಕೆ ನಿಯಮದ ಹೆಸರಿಟ್ಟ. ಇಂದಿನ ಮೊಬೈಲಿನ ಪರದೆಯ ಮೇಲೆ ಮೂಡುವ ಎರಡು ಅಡ್ಡಗೆರೆ, ಎರಡು ಉದ್ದಗೆರೆಗಳು ಅದರ ಮೊಮ್ಮಕ್ಕಳು.

ಹಿಮಾಲಯದಲ್ಲಿ ಗಾಜಿನ ಹೊರೆ

1863ರಲ್ಲಿ ಸ್ಯಾಮುಯೆಲ್ ಬೋರ್ನ್ ಎಂಬ ಇಂಗ್ಲಿಷ್ ಯುವಕ ಬ್ಯಾಂಕಿನ ಗುಮಾಸ್ತಿಕೆ ಬಿಟ್ಟು ಕಲ್ಕತ್ತೆಗೆ ಬಂದಿಳಿದ. ಅಲ್ಲಿಂದ ಶಿಮ್ಲಾಕ್ಕೆ ಹೋಗಿ ಪಾಲುದಾರರೊಡನೆ ಸ್ಟುಡಿಯೋ ತೆರೆದ. ‘ಬೋರ್ನ್ ಅಂಡ್ ಷೆಪರ್ಡ್’ ಎಂದು ಮುಂದೆ ಹೆಸರಾದ ಆ ಸಂಸ್ಥೆ ಕಲ್ಕತ್ತೆಯಲ್ಲಿ 2016ರವರೆಗೂ ಬಾಗಿಲು ತೆರೆದಿತ್ತು. ಭಾರತದಲ್ಲಿದ್ದ ಏಳು ವರ್ಷಗಳಲ್ಲಿ ಬೋರ್ನ್ ಮೂರು ಸಲ ಹಿಮಾಲಯದ ದೊಡ್ಡ ಪ್ರವಾಸ ಮಾಡಿದ. 1864ರ ಪ್ರವಾಸದಲ್ಲಿ ಕಾಶ್ಮೀರ ಕಣಿವೆಯನ್ನು ನೋಡಿದ. 1866ರಲ್ಲಿ 18,600 ಅಡಿ ಎತ್ತರದ ಮಣಿರಂಗ್ ಕಣಿವೆದಾರಿಯಲ್ಲಿ ನಿಂತು ಚಿತ್ರ ತೆಗೆದ.

ಅಂದಿನ ಕೆಲಸದ ಕಷ್ಟ ಇಂದಿನವರಿಗೆ ಊಹಿಸಲೂ ಆಗದು. ಫಿಲ್ಮ್ ಇರಲಿಲ್ಲ. ಗಾಜಿನ ಹಲಗೆಗೆ ಕೊಲೋಡಿಯನ್ ಎಂಬ ಅಂಟುದ್ರವ ಸವರಿ, ಕತ್ತಲ ಡೇರೆಯೊಳಗೆ ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಹಸಿಯಾಗಿರುವಾಗಲೇ ಕ್ಯಾಮರಾಕ್ಕೆ ಹಾಕಿ, ಬೆಳಕಿಗೆ ಒಡ್ಡಿ, ಮತ್ತೆ ಡೇರೆಗೆ ಓಡಿ ತೊಳೆಯಬೇಕು. ಗಾಜು ಒಣಗಿದರೆ ಚಿತ್ರ ಹೋಯಿತು. ಎಲ್ಲವೂ ಹತ್ತು ಹದಿನೈದು ನಿಮಿಷಗಳೊಳಗೆ ಮುಗಿಯಬೇಕು. ಡೇರೆ, ರಾಸಾಯನಿಕಗಳ ಸೀಸೆಗಳು, ನೂರಾರು ಗಾಜಿನ ಹಲಗೆಗಳು, ಊಟದ ಸಾಮಾನು, ಎಲ್ಲವನ್ನೂ ಬೆನ್ನ ಮೇಲೆ ಹೊತ್ತು ಬೆಟ್ಟ ಹತ್ತಿದವರು ಪಹಾಡಿ ಕೂಲಿಗಳು. ಅವರು ದಾರಿಯಲ್ಲಿ ಹೊರೆ ಇಳಿಸಿ ಓಡಿಹೋದದ್ದನ್ನೂ, ಕೋಲು ಹಿಡಿದು ತಾನು ಅವರನ್ನು ಹುಡುಕಿ ಹೊರಟದ್ದನ್ನೂ ಬೋರ್ನ್ ಮುಚ್ಚುಮರೆಯಿಲ್ಲದೆ ಲಂಡನ್ನಿನ ಪತ್ರಿಕೆಗೆ ಬರೆದ. ಆ ಚಿತ್ರಗಳಲ್ಲಿ ಪ್ರತಿಯೊಂದೂ ಅವರ ಬೆನ್ನೇರಿ ಬಂದದ್ದು.

ಒಂದೊಂದು ಗಾಜಿಗೂ ಇಷ್ಟು ಶ್ರಮ ಬೇಕಾದಾಗ ಸುಮ್ಮನೆ ಒಂದಷ್ಟು ತೆಗೆದು ಆಮೇಲೆ ಆರಿಸುವ ಮಾತೇ ಇಲ್ಲ. ಬೋರ್ನ್ ಮೊದಲು ನಡೆದು ನೋಡುತ್ತಿದ್ದ, ನಿಲ್ಲುವ ಜಾಗ ಗೊತ್ತುಮಾಡುತ್ತಿದ್ದ, ಆಮೇಲೆ ಡೇರೆ ಹಾಕಿಸುತ್ತಿದ್ದ. ಅವನ ವಿನ್ಯಾಸದ ಶಿಸ್ತು ಈ ಅನಿವಾರ್ಯದಿಂದ ಬಂದದ್ದು. ಇದು ಅವನಿಂದ ಇಂದಿಗೂ ಕಲಿಯಬೇಕಾದ ಪಾಠ. ಹಿಮಾಲಯದ ಎತ್ತರದ ಬೋಳು ಶಿಖರಗಳು ಮಾತ್ರ ಅವನಿಗೆ ಹಿಡಿಸಲಿಲ್ಲ. ಇಂಗ್ಲೆಂಡಿನಲ್ಲಿ ಇರುವಂತೆ ಇಲ್ಲಿ ಕೊಳಗಳಿಲ್ಲ, ಹಸಿರಿಲ್ಲ ಎಂದು ಗೊಣಗಿದ. ಕ್ಲಾದನ ಮರವನ್ನೂ ನೀರನ್ನೂ ಅವನು ಹಿಮಾಲಯದಲ್ಲಿ ಹುಡುಕುತ್ತಿದ್ದ. ಕಾಶ್ಮೀರದಲ್ಲಿ ಅವು ಸಿಕ್ಕಿದವು. ಶ್ರೀನಗರದ ಪಾಪ್ಲರ್ ಮರಗಳ ಸಾಲುದಾರಿಯ ಅವನ ಚಿತ್ರವನ್ನು ಇಂದಿಗೂ ವಿನ್ಯಾಸದ ಮಾದರಿಯೆಂದು ತೋರಿಸಬಹುದು. ಎರಡು ಬದಿಯ ಮರಗಳು ಕಿರಿದಾಗುತ್ತ ಹೋಗಿ ದೂರದ ಬಿಂದುವಿನಲ್ಲಿ ಸೇರುತ್ತವೆ, ಕಣ್ಣು ಎಲ್ಲೂ ತಪ್ಪಿಸಿಕೊಳ್ಳಲಾರದು. ಅವನ ದೃಶ್ಯಗಳಲ್ಲಿ ಮನುಷ್ಯರು ಬಂದರೂ ಹೆಚ್ಚಾಗಿ ಮರದ ಎತ್ತರಕ್ಕೆ ಅಳತೆಗೋಲಾಗಿ ನಿಲ್ಲುತ್ತಾರೆ. ಅಲುಗಾಡಿದರೆ ಮಸುಕಾಗುವರು, ಆದ್ದರಿಂದ ಅಲುಗಾಡುವಂತಿಲ್ಲ.

ಆ ಚೌಕಟ್ಟಿನ ಹೊರಗೆ ಏನಿತ್ತು? 1846ರ ಅಮೃತಸರ ಒಪ್ಪಂದದಲ್ಲಿ ಬ್ರಿಟಿಷರು ಕಾಶ್ಮೀರವನ್ನು 75 ಲಕ್ಷ ರೂಪಾಯಿಗೆ ಜಮ್ಮುವಿನ ಗುಲಾಬ್ ಸಿಂಗನಿಗೆ ಒಪ್ಪಿಸಿದ್ದರು. ಇಡೀ ಯುರೋಪು ಹೊದ್ದು ಮೆಚ್ಚಿದ ಶಾಲುಗಳನ್ನು ನೇಯುವ ಶ್ರೀನಗರದ ಬಡ ನೇಕಾರರ ಮೇಲೆ ತೆರಿಗೆಯ ಹೊರೆ ಬಿತ್ತು. ಬೋರ್ನ್ ಬಂದುಹೋದ ಮರುವರ್ಷ, 1865ರ ಏಪ್ರಿಲ್ 29ರಂದು, ನೇಕಾರರು ಶ್ರೀನಗರದ ಜಾಲ್‌ಡಗರ್‌ನಲ್ಲಿ ಪ್ರತಿಭಟನೆಗೆ ಸೇರಿದರು. ಮಹಾರಾಜರ ಸೈನಿಕರು ಅಟ್ಟಿಸಿಕೊಂಡು ಬಂದಾಗ ಅನೇಕರು ನೀರಿಗೆ ಬಿದ್ದು ಸತ್ತರು. 28 ಮಂದಿ ಎಂದು ಕಾಶ್ಮೀರದ ಇತಿಹಾಸಕಾರರು ಬರೆಯುತ್ತಾರೆ. ಬೋರ್ನ್ ಇದನ್ನೇಕೆ ಚಿತ್ರಿಸಲಿಲ್ಲ ಎಂದು ನಾವು ಕೇಳುತ್ತಿಲ್ಲ, ಅವನು ಅಲ್ಲಿರಲಿಲ್ಲ. ನಾವು ಹೇಳುವುದಿಷ್ಟೆ. ಅವನ ಚಿತ್ರಗಳು ಕ್ಯಾಟಲಾಗಿನ ಸಂಖ್ಯೆಗಳಲ್ಲಿ ಮಾರಾಟವಾಗಿ ಸಾಹೇಬರ ಮನೆಗಳ ಆಲ್ಬಮ್ಮುಗಳಿಗೆ ಹೋದವು. ಅದೇ ನೋಟ ಮುಂದೆ ಪೋಸ್ಟ್‌ಕಾರ್ಡಾಯಿತು, ಕ್ಯಾಲೆಂಡರಾಯಿತು, ಸ್ಟುಡಿಯೋದ ಪರದೆಯಾಯಿತು. ಸರಿಯಾಗಿ ನೂರು ವರ್ಷಗಳ ನಂತರ, 1964ರಲ್ಲಿ, ‘ಕಾಶ್ಮೀರ್ ಕೀ ಕಲಿ’ಯಲ್ಲಿ ಶಮ್ಮಿ ಕಪೂರ್ ದೋಣಿಯಲ್ಲಿ ಕುಣಿದಾಗ ಹಿಂದೆ ಇದ್ದದ್ದೂ ಅದೇ ನೀರು, ಅದೇ ಬೆಟ್ಟ. ಕಾಶ್ಮೀರ ಎಂದರೆ ಕಣಿವೆ ಎಂದು ಕಲಿತ ನಾವು ಕಾಶ್ಮೀರ ಎಂದರೆ ಕಾಶ್ಮೀರಿಗಳು ಎಂದು ಕಲಿಯಲು ಬಹಳ ತಡವಾಯಿತು.

ಕತ್ತರಿ ಕೈಗೆ ಬಂದಾಗ

ಬೋರ್ನನ ಕಾಲದಲ್ಲಿ ನೆಗೆಟಿವನ್ನು ಕಾಗದದ ಮೇಲೆ ಒತ್ತಿಟ್ಟು ಬಿಸಿಲಿಗೆ ಒಡ್ಡಿ ಪ್ರಿಂಟು ತೆಗೆಯುತ್ತಿದ್ದರು. ಗಾಜು ಎಷ್ಟು ದೊಡ್ಡದೋ ಚಿತ್ರ ಅಷ್ಟೇ ದೊಡ್ಡದು. ಕತ್ತರಿಸಿದರೆ ಚಿತ್ರ ಚಿಕ್ಕದಾಗುತ್ತಿತ್ತು. ಆದ್ದರಿಂದ ಕತ್ತರಿಯ ಆಸೆ ಕಡಿಮೆ. ಅವರ ದೊಡ್ಡ ತಲೆನೋವು ಆಕಾಶ. ಅಂದಿನ ರಾಸಾಯನಿಕಕ್ಕೆ ನೀಲಿ ಬೆಳಕು ಬೇಗ ತಾಗುತ್ತಿತ್ತು. ಹಸಿರು ಮೂಡುವಷ್ಟರಲ್ಲಿ ಆಕಾಶ ಬರೀ ಬಿಳಿಯಾಗುತ್ತಿತ್ತು. ಫ್ರಾನ್ಸಿನ ಗುಸ್ತಾವ್ ಲ ಗ್ರೇ 1850ರ ದಶಕದಲ್ಲಿ ಕಡಲಿನದೊಂದು, ಮೋಡದ್ದೊಂದು ನೆಗೆಟಿವ್ ತೆಗೆದು ದಿಗಂತದ ಗೆರೆಯಲ್ಲಿ ಎರಡನ್ನೂ ಸೇರಿಸಿ ಮುದ್ರಿಸಿದ. ಜನ ಬೆರಗಾದರು. ‘ಕ್ಯಾಮರಾ ಸುಳ್ಳು ಹೇಳುವುದಿಲ್ಲ’ ಎಂಬ ಮಾತಿಗೆ ಅಂದೇ ಬಿರುಕು ಬಿದ್ದಿತ್ತು.

ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮರಾ ಮತ್ತು ಚಿತ್ರವನ್ನು ಹಿಗ್ಗಿಸಿ ಮುದ್ರಿಸುವ ಯಂತ್ರ ಬಂದ ಮೇಲೆ ಲೆಕ್ಕ ಬದಲಾಯಿತು. ಇಡೀ ನೆಗೆಟಿವ್ ಬೇಕಿಲ್ಲ, ಅದರ ಒಂದು ಮೂಲೆ ಸಾಕು. ನ್ಯೂಯಾರ್ಕಿನ ಆಲ್ಫ್ರೆಡ್ ಸ್ಟೀಗ್ಲಿಟ್ಸ್ 1893ರ ಹಿಮಬಿರುಗಾಳಿಯಲ್ಲಿ ಗಂಟೆಗಟ್ಟಲೆ ಕಾದು ಕುದುರೆಗಾಡಿಯೊಂದನ್ನು ಹಿಡಿದ. ಪ್ರಸಿದ್ಧವಾದ ಆ ಚಿತ್ರ ಬದಿಗಳನ್ನು ಕತ್ತರಿಸಿ ಮಾಡಿದ ಚಿತ್ರ. ಅಡ್ಡಚಿತ್ರವನ್ನು ನೀಳ ಮಾಡಿದ್ದರಿಂದ ಗಾಡಿ ನಮ್ಮತ್ತಲೇ ನುಗ್ಗಿ ಬರುವಂತೆ ಕಾಣುತ್ತದೆ. ಕತ್ತರಿಯ ಶಕ್ತಿ ಇದು. ಇದನ್ನು ನಾವು ಅಲ್ಲಗಳೆಯುವುದಿಲ್ಲ.

ಆದರೆ ಕತ್ತರಿಯ ಇನ್ನೊಂದು ಮುಖವನ್ನೂ ನೋಡಬೇಕು. ಅಮೆರಿಕದ ಆನ್ಸೆಲ್ ಆಡಮ್ಸ್‌ಗೆ ನಿಸರ್ಗ ಛಾಯಾಗ್ರಹಣದಲ್ಲಿ ಉಸ್ತಾದರ ಸ್ಥಾನ. 1944ರಲ್ಲಿ ಆತ ಕ್ಯಾಲಿಫೋರ್ನಿಯಾದ ಲೋನ್ ಪೈನ್ ಎಂಬ ಊರಿನ ಬಳಿ ಒಂದು ಮುಂಜಾನೆ ತೆಗೆದ ಚಿತ್ರ ಜಗತ್ಪ್ರಸಿದ್ಧ. ಮೇಲೆ ಬೆಳಗುವ ಹಿಮಶಿಖರಗಳು, ನಡುವೆ ಕಡುಕಪ್ಪು ಗುಡ್ಡ, ಕೆಳಗೆ ಒಂದು ತುಣುಕು ಬಿಸಿಲಲ್ಲಿ ಮೇಯುವ ಕುದುರೆ. ಕತ್ತಲೆ ಬೆಳಕುಗಳ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಆ ಗುಡ್ಡದ ಮೇಲೆ ಊರಿನ ಶಾಲೆಯ ಹುಡುಗರು ಬಿಳಿ ಬಣ್ಣದಿಂದ ತಮ್ಮ ಊರಿನ ಹೆಸರಿನ ಎರಡು ದೊಡ್ಡ ಅಕ್ಷರಗಳನ್ನು ಬರೆದಿದ್ದರು. ಆಡಮ್ಸ್ ಅವನ್ನು ನೆಗೆಟಿವಿನಲ್ಲಿ ಅಳಿಸಿಹಾಕಿದ, ಹಾಗೆ ಮಾಡಿದ್ದನ್ನು ತಾನೇ ಬರೆದುಕೊಂಡ. ಆದರೆ ಅದಕ್ಕಿಂತ ದೊಡ್ಡ ಸಂಗತಿ ಚೌಕಟ್ಟಿನ ಹೊರಗಿತ್ತು. ಅಲ್ಲಿಂದ ಹತ್ತಾರು ಮೈಲಿಯೊಳಗೇ ಮಂಜನಾರ್ ಶಿಬಿರವಿತ್ತು. ಯುದ್ಧಕಾಲದಲ್ಲಿ ಜಪಾನಿ ಮೂಲದವರು ಎಂಬ ಒಂದೇ ಕಾರಣಕ್ಕೆ ಮನೆಮಠ ಕಳೆದುಕೊಂಡ ಸುಮಾರು 10,000 ಅಮೆರಿಕನ್ನರನ್ನು ಅಲ್ಲಿ ಮುಳ್ಳುತಂತಿಯೊಳಗೆ ಇಟ್ಟಿದ್ದರು. ಆಡಮ್ಸ್ ಆ ದಿನಗಳಲ್ಲಿ ಅಲ್ಲಿಗೆ ಬಂದದ್ದೇ ಶಿಬಿರವನ್ನು ಚಿತ್ರಿಸಲು.

ಇಲ್ಲಿ ನ್ಯಾಯವಾಗಿ ಮಾತಾಡಬೇಕು. ಆಡಮ್ಸ್ ಆ ಜನರನ್ನು ಮರೆಯಲಿಲ್ಲ. ಅವರ ಮುಖಗಳನ್ನು, ಅವರ ಹೊಲ, ಶಾಲೆ, ಅಚ್ಚುಕೂಟಗಳನ್ನು ಚಿತ್ರಿಸಿ ಅದೇ 1944ರಲ್ಲಿ, ಯುದ್ಧ ನಡೆಯುತ್ತಿರುವಾಗಲೇ, ಒಂದು ಪುಸ್ತಕ ಪ್ರಕಟಿಸಿದ. ‘ಹುಟ್ಟಿನಿಂದ ಸ್ವತಂತ್ರರು, ಸಮಾನರು’ ಎಂಬುದು ಅದರ ಹೆಸರಿನ ಅರ್ಥ. ಆ ಕಾಲದಲ್ಲಿ ಅದು ಸಣ್ಣ ಧೈರ್ಯವಲ್ಲ. ಆದರೆ ಗೋಡೆಗಳ ಮೇಲೆ ತೂಗಿದ್ದು ಯಾವುದು? ಹಿಮಶಿಖರ ಮತ್ತು ಕುದುರೆ. ಶಿಬಿರದ ಪುಸ್ತಕ ಬಹುಕಾಲ ಮೂಲೆ ಸೇರಿತು. ಚಿತ್ರಕಾರನ ಕತ್ತರಿಗಿಂತ ನೋಡುವವರ ಕತ್ತರಿ ಹರಿತವಾದದ್ದು.

ಹರಿಪರ್ಬತದ ಹೆಂಗಸರು

ಕತ್ತರಿಯನ್ನೇ ಒಲ್ಲೆ ಎಂದವರಲ್ಲಿ ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸಾನ್ ಪ್ರಮುಖ. ಒತ್ತುವ ಗಳಿಗೆಯಲ್ಲೇ ವಿನ್ಯಾಸ ಮುಗಿದಿರಬೇಕು, ಆಮೇಲೆ ಕತ್ತರಿಸಬಾರದು ಎಂಬುದು ಅವರ ಹಟ. (1932ರ ಅವರ ಅತಿ ಪ್ರಸಿದ್ಧ ಚಿತ್ರ, ನೀರಿನ ಮೇಲೆ ಜಿಗಿಯುವ ಮನುಷ್ಯನದು, ಕತ್ತರಿಸಿದ ಚಿತ್ರವೇ. ನಿಯಮ ಮಾಡಿದವರೂ ಒಮ್ಮೊಮ್ಮೆ ಮುರಿಯುತ್ತಾರೆ!) ಅವರು 1948ರಲ್ಲಿ ಶ್ರೀನಗರಕ್ಕೆ ಬಂದರು. ಬೋರ್ನ್ ನಿಂತ ಅದೇ ಊರು. ಹರಿಪರ್ಬತ ಗುಡ್ಡದ ಇಳಿಜಾರಿನಲ್ಲಿ, ಕ್ಯಾಮರಾಕ್ಕೆ ಬೆನ್ನು ಮಾಡಿದ ಕಾಶ್ಮೀರಿ ಹೆಂಗಸರು. ಅವರಾಚೆ ಕಣಿವೆ, ಬೆಟ್ಟ, ಮೋಡ. ಒಬ್ಬಾಕೆಯ ಚಾಚಿದ ಅಂಗೈಗಳು ಮೋಡಗಳನ್ನೇ ಎತ್ತಿ ಹಿಡಿದಂತೆ ಕಾಣುತ್ತವೆ.

ಬೆಟ್ಟ ಇಲ್ಲಿಯೂ ಇದೆ, ಆದರೆ ಹೆಂಗಸರು ಬೆಟ್ಟದ ಅಳತೆಗೋಲಾಗಿಲ್ಲ. ಅವರು ನೋಡುತ್ತಿದ್ದಾರೆ, ಅವರು ಬೇಡುತ್ತಿದ್ದಾರೆ. ನಾವು ಅವರ ಹಿಂದೆ ನಿಂತು ಅವರ ನೋಟದ ಮೂಲಕ ಅವರ ನೆಲವನ್ನು ಕಾಣುತ್ತೇವೆ. ಮುನ್ನೆಲೆಯಲ್ಲಿ ಏನಾದರೂ ಇರಲಿ ಎಂಬ ಹಳೆಯ ನಿಯಮವೇ ಇದು. ಆದರೆ ಆ ಜಾಗಕ್ಕೆ ಮರದ ಬದಲು ಅಲ್ಲಿಯ ಮನುಷ್ಯರು ಬಂದಾಗ ಇಡೀ ಚಿತ್ರದ ಅರ್ಥ ಬದಲಾಯಿತು.

ಆದರೂ ಒಂದು ಮಾತು ಹೇಳಬೇಕಾಗಿದೆ. ಈ ಚಿತ್ರದ ಶೀರ್ಷಿಕೆಯಲ್ಲಿ ಹೆಂಗಸರು ಉದಯಿಸುವ ಸೂರ್ಯನತ್ತ ಪ್ರಾರ್ಥಿಸುತ್ತಿದ್ದಾರೆ ಎಂದಿದೆ. ಮುಸ್ಲಿಂ ಮನೆಯ ಮಗುವಿಗೂ ಗೊತ್ತು, ನಾವು ಸೂರ್ಯನಿಗೆ ಪ್ರಾರ್ಥಿಸುವುದಿಲ್ಲ. ಶ್ರೀನಗರದಿಂದ ಕಿಬ್ಲಾ ಇರುವುದು ಪಶ್ಚಿಮಕ್ಕೆ, ಸೂರ್ಯ ಹುಟ್ಟುವ ಕಡೆಗಲ್ಲ. ಆ ಚಾಚಿದ ಅಂಗೈ ದುಆದ ಅಂಗೈ. ದುಆಕ್ಕೆ ದಿಕ್ಕಿನ ಕಟ್ಟಿಲ್ಲ. ಆ ಗುಡ್ಡದ ಇಳಿಜಾರಿನಲ್ಲಿಯೇ ಕಾಶ್ಮೀರಿಗಳು ‘ಮಖ್ದೂಂ ಸಾಹೇಬ್’ ಎಂದು ಪ್ರೀತಿಸುವ ಶೇಖ್ ಹಮ್ಜಾ ಅವರ ದರ್ಗಾ ಇದೆ. ಚಿತ್ರದೊಳಗೆ ಒಂದು ಕೂದಲೆಳೆಯನ್ನೂ ಕತ್ತರಿಸದವರ ಚಿತ್ರಕ್ಕೂ ಅಡಿಬರಹ ಇಂಥ ಒಂದು ಕತ್ತರಿ ಹಾಕಿಬಿಡುತ್ತದೆ. ಚಿತ್ರಕ್ಕೆ ನಾಲ್ಕು ಅಂಚುಗಳೆಂದು ನಾವು ತಿಳಿದಿದ್ದೇವೆ. ಅಡಿಬರಹ ಐದನೆಯ ಅಂಚು.

ಹಂಪಿಯ ಕಲ್ಲಿನ ರಥ

ಕಾಶ್ಮೀರ, ಕ್ಯಾಲಿಫೋರ್ನಿಯಾ ದೂರದ ಮಾತಾಯಿತು. ನಮ್ಮ ಜೇಬಿನಲ್ಲೇ ಒಂದು ಚಿತ್ರವಿದೆ. 2017ರಲ್ಲಿ ಬಂದ 50 ರೂಪಾಯಿಯ ನೋಟಿನ ಹಿಂಬದಿಯಲ್ಲಿರುವುದು ಹಂಪಿಯ ಕಲ್ಲಿನ ರಥ. ಅದರ ನೆತ್ತಿ ಚಪ್ಪಟೆ. ಅಲೆಕ್ಸಾಂಡರ್ ಗ್ರೀನ್ಲಾ ಎಂಬ ಮದ್ರಾಸ್ ಸೇನೆಯ ಅಧಿಕಾರಿ 1856ರಲ್ಲಿ ಮೇಣ ಸವರಿದ ದೊಡ್ಡ ಕಾಗದಗಳ ಮೇಲೆ ಹಂಪಿಯನ್ನು ಚಿತ್ರಿಸಿದ. ಅವನ ಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆ ಗಾರೆಯ ಒಂದು ಶಿಖರವಿದೆ! ಮುಂದೆ ಅದನ್ನು ತೆಗೆದುಹಾಕಿದರು. ಇಂದು ಸಾವಿರಾರು ಮಂದಿ ಪ್ರತಿದಿನ ತೆಗೆಯುವ ಚಿತ್ರ, ನೋಟಿನ ಮೇಲೆ ಅಚ್ಚಾದ ಚಿತ್ರ, ನಿಜವಾಗಿಯೂ ಕತ್ತರಿಸಿದ ರಥದ ಚಿತ್ರ. ಗ್ರೀನ್ಲಾನ ಕಾಗದಗಳು 1980ರಲ್ಲಿ ಮತ್ತೆ ಬೆಳಕಿಗೆ ಬಂದವು. ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ 1983ರಲ್ಲಿ ಅವನು ನಿಂತಲ್ಲೇ ನಿಂತು ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದಾಗಲೇ ಬಿದ್ದದ್ದು, ಕಟ್ಟಿದ್ದು, ಕೆಡವಿದ್ದು ಕಾಣುತ್ತದೆ.

ಗ್ರೀನ್ಲಾನ ವಿಧಾನಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಾಗಿತ್ತು. ಎದುರಿನಲ್ಲಿ ನಡೆದುಹೋದವರು ಕಾಗದದ ಮೇಲೆ ಉಳಿಯುವುದೇ ಇಲ್ಲ. ಪ್ಯಾರಿಸಿನಲ್ಲಿ ದಗೇರ್ 1838ರಲ್ಲಿ ಗಿಜಿಗುಡುವ ಬೀದಿಯೊಂದನ್ನು ಚಿತ್ರಿಸಿದಾಗಲೂ ಹೀಗೇ ಆಗಿತ್ತು. ಇಡೀ ಬೀದಿ ಖಾಲಿ ಬಂತು. ಬೂಟು ಪಾಲಿಶು ಮಾಡಿಸಿಕೊಳ್ಳುತ್ತ ನಿಂತಿದ್ದ ಒಬ್ಬನು ಮಾತ್ರ ಸ್ಪಷ್ಟವಾಗಿ ಮೂಡಿದ. ಪಾಲಿಶು ಮಾಡುತ್ತಿದ್ದ ಕೈ ಆಡುತ್ತಲೇ ಇದ್ದುದರಿಂದ ಆ ಕೆಲಸದವನು ಬರೀ ಮಸುಕಾಗಿ ಉಳಿದ. ಖಾಲಿ ಚಿತ್ರ ಕಂಡ ತಕ್ಷಣ ಊರು ಖಾಲಿಯಿತ್ತು ಎಂದುಕೊಳ್ಳುವುದು ದೊಡ್ಡ ತಪ್ಪು.

ಹಂಪಿ ಎಂದೂ ಖಾಲಿಯಿರಲಿಲ್ಲ. ವಿರೂಪಾಕ್ಷ ದೇವಸ್ಥಾನದ ಎದುರಿನ ಬೀದಿಯ ಸಾಲುಮಂಟಪಗಳಲ್ಲಿ ದಶಕಗಳಿಂದ ಜನ ವಾಸವಾಗಿದ್ದರು. ಅಂಗಡಿ, ಮನೆ, ಒಲೆ, ತೊಟ್ಟಿಲು ಎಲ್ಲ ಅಲ್ಲೇ. 2011ರ ಜುಲೈಯಲ್ಲಿ ಬುಲ್ಡೋಜರ್‌ಗಳು ಬಂದವು. ನೂರಾರು ಕುಟುಂಬಗಳು ಬೀದಿಯಿಂದ ಹೊರಬಿದ್ದವು. ಅವರಿಗೆ ಕಡ್ಡಿರಾಂಪುರದ ಬಳಿ ಜಾಗ ತೋರಿಸಲಾಯಿತು. ಮಂಟಪಗಳಿಗೆ ಹಾನಿಯಾಗುತ್ತಿತ್ತು ಎಂಬ ಅಧಿಕಾರಿಗಳ ವಾದದಲ್ಲಿ ಸತ್ಯವಿತ್ತು, ನ್ಯಾಯಾಲಯದ ಆದೇಶವೂ ಇತ್ತು. ಆದರೆ ಬದುಕುವ ಬೀದಿಯನ್ನು ‘ಚಿತ್ರದಂತೆ’ ಸ್ವಚ್ಛ ಮಾಡುವ ಆಸೆಯೂ ಅದರೊಂದಿಗೆ ಬೆರೆತಿರಲಿಲ್ಲವೇ? ಗಿಲ್ಪಿನ್ ಪಾದ್ರಿಗೆ ಸುತ್ತಿಗೆ ಎತ್ತುವ ಧೈರ್ಯವಿರಲಿಲ್ಲ. ನಮ್ಮ ಕಾಲಕ್ಕೆ ಧೈರ್ಯ ಬಂದಿದೆ.

ಹಂಪಿಗೆ ಹೋದವರು ರಥ, ಕಮಲ ಮಹಲ್, ಮಾತಂಗ ಬೆಟ್ಟದ ಸೂರ್ಯೋದಯ ಚಿತ್ರಿಸಿ ಬರುತ್ತಾರೆ. ಎರಡನೆಯ ದೇವರಾಯನ ಅಧಿಕಾರಿ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿಯೂ ಅಲ್ಲಿದೆ. ಶಾಸನ ಅದನ್ನು ಧರ್ಮಶಾಲೆ ಎಂದು ಕರೆಯುತ್ತದೆ. ಕಂಬ, ಬೋದಿಗೆಗಳೆಲ್ಲ ಅಲ್ಲಿಯ ಮಂಟಪಗಳಂತೆಯೇ. ವಿಜಯನಗರ ಮತ್ತು ಮುಸ್ಲಿಮರು ಎಂದೊಡನೆ ಯುದ್ಧವನ್ನಷ್ಟೇ ನೆನೆಯುವವರ ಚೌಕಟ್ಟಿನಲ್ಲಿ ಈ ಸಣ್ಣ ಕಟ್ಟಡಕ್ಕೆ ಜಾಗವಿಲ್ಲ. ಕ್ಯಾಮರಾವನ್ನು ಸ್ವಲ್ಪ ಬಲಕ್ಕೋ ಎಡಕ್ಕೋ ತಿರುಗಿಸಿದರೆ ಇತಿಹಾಸವೂ ತಿರುಗುತ್ತದೆ.

ಕತ್ತರಿಸುವ ಮುನ್ನ

ಹಾಗಾದರೆ ಸುಂದರ ಚಿತ್ರ ತೆಗೆಯುವುದೇ ಬೇಡವೇ? ಖಂಡಿತ ಬೇಕು. ಸೌಂದರ್ಯ ಅಲ್ಲಾಹನ ಕೊಡುಗೆ, ಅದನ್ನು ಕಂಡು ಹಿಗ್ಗುವುದು ಕೃತಜ್ಞತೆ. ಕತ್ತರಿಸದೆ ಚಿತ್ರವೂ ಇಲ್ಲ. ಕ್ಯಾಮರಾ ಎತ್ತಿದ ಕೂಡಲೇ ಜಗತ್ತಿನ ಬಹುಪಾಲನ್ನು ಕತ್ತರಿಸಿಯಾಯಿತು. ಅದನ್ನು ತಿಳಿದು ಮಾಡೋಣ ಎಂಬುದಷ್ಟೇ ನಮ್ಮ ಮಾತು. ಈ ಇತಿಹಾಸದಿಂದ ಕೆಲವು ಬಳಕೆಯ ಪಾಠಗಳನ್ನೂ ತೆಗೆಯಬಹುದು.

ಮೊಬೈಲು ಎತ್ತುವ ಮುನ್ನ ಬೋರ್ನನಂತೆ ನಡೆದು ನೋಡಿ. ಎಡಕ್ಕೆ ಹತ್ತು ಹೆಜ್ಜೆ ಇಟ್ಟು ಸರಿಪಡಿಸಬಹುದಾದದ್ದನ್ನು ಆಮೇಲೆ ಕತ್ತರಿಯಿಂದ ಸರಿಪಡಿಸಲು ಹೋಗಬೇಡಿ. ಚಿತ್ರದ ಅಗಲ ಮತ್ತು ಎತ್ತರ ಎರಡನ್ನೂ ಅರ್ಧಕ್ಕೆ ಕತ್ತರಿಸಿದರೆ ಉಳಿಯುವುದು ಕಾಲುಭಾಗ. 12 ಮೆಗಾಪಿಕ್ಸೆಲ್ ಇದ್ದದ್ದು 3 ಆಗುತ್ತದೆ, ದೊಡ್ಡದಾಗಿ ಮುದ್ರಿಸುವಾಗ ಒಡೆಯುತ್ತದೆ. ಆಕಾಶಕ್ಕೆ ಹೇಳಲಿಕ್ಕೆ ಏನಾದರೂ ಇದ್ದರೆ ಅದಕ್ಕೆ ಎರಡು ಪಾಲು ಕೊಡಿ, ಇಲ್ಲದಿದ್ದರೆ ನೆಲಕ್ಕೆ ಕೊಡಿ. ನೀರು ನಿಶ್ಚಲವಾಗಿದ್ದು ಬೆಟ್ಟ ಅದರಲ್ಲಿ ಪೂರ್ತಿ ಮೂಡಿದ್ದರೆ ದಿಗಂತವನ್ನು ನಡುವೆಯೇ ಇಟ್ಟರೂ ದೋಷವಿಲ್ಲ. ಮೊಬೈಲಿನ ಮಸೂರ ಅಗಲ ನೋಟದ್ದು, ದೂರದ ಬೆಟ್ಟವನ್ನು ಇರುವೆಗೂಡಿನಷ್ಟು ಮಾಡುತ್ತದೆ. ಹತ್ತಿರದಲ್ಲಿ ಒಂದು ಬಂಡೆಯೋ ಕಾಲುದಾರಿಯೋ ಇದ್ದರೆ ಬೆಟ್ಟಕ್ಕೆ ಅದರ ದೂರ, ಎತ್ತರ ಮರಳಿ ಬರುತ್ತದೆ.

ಒತ್ತುವ ಮುನ್ನ ನಡುವಿನ ವಸ್ತುವನ್ನು ಬಿಟ್ಟು ನಾಲ್ಕು ಅಂಚುಗಳ ಸುತ್ತ ಒಮ್ಮೆ ಕಣ್ಣಾಡಿಸಿ. ಹಾಶಿಯಾದಲ್ಲಿ ಯಾರಿದ್ದಾರೆ ನೋಡಿ. ಅರ್ಧ ಮನುಷ್ಯನನ್ನು ಅಂಚಿನಲ್ಲಿ ಬಿಡಬೇಡಿ. ಅವನು ಬೇಕಿದ್ದರೆ ಪೂರ್ತಿ ಒಳಗೆ ಬರಲಿ, ಅವನನ್ನು ಕೇಳಿಯೇ ಬರಲಿ. ಮುದ್ರಿಸಿದ ಚಿತ್ರವನ್ನು ಕತ್ತರಿಸಬೇಕಾದರೆ ಹಳೆಯ ಡಾರ್ಕ್‌ರೂಮಿನವರ ಉಪಾಯ ಇಂದಿಗೂ ಉತ್ತಮ. ರಟ್ಟಿನಲ್ಲಿ ಎರಡು ಮೂಲೆಮಟ್ಟದ ಆಕಾರಗಳನ್ನು ಕತ್ತರಿಸಿ, ಚಿತ್ರದ ಮೇಲಿಟ್ಟು, ಹಿಗ್ಗಿಸಿ ಕುಗ್ಗಿಸಿ ನೋಡಿ. ಪ್ರತಿ ಸಲವೂ ಕೇಳಿಕೊಳ್ಳಿ: ಈಗ ಮರೆಯಾದದ್ದು ಏನು? ಬರೀ ವಿದ್ಯುತ್ ತಂತಿಯೇ, ಅಥವಾ ಆ ತಂತಿಯಿಂದ ದೀಪ ಹೊತ್ತಿಸಿಕೊಂಡ ಮನೆಯೇ? ಆಡಮ್ಸ್ ನೆಗೆಟಿವಿನ ಮೇಲೆ ಕುಂಚ ಹಿಡಿದು ಮಾಡಿದ ಕೆಲಸವನ್ನು ಈಗಿನ ಮೊಬೈಲು ಬೆರಳಿನ ಒಂದು ಉಜ್ಜಿಗೆ ಮಾಡಿಕೊಡುತ್ತದೆ. ಮನುಷ್ಯರನ್ನು ಅಳಿಸುವುದು ಇಷ್ಟು ಸುಲಭ ಎಂದೂ ಆಗಿರಲಿಲ್ಲ.

ಕೊನೆಯದಾಗಿ, ಮೂಲಚಿತ್ರವನ್ನು ಎಂದೂ ಅಳಿಸಬೇಡಿ. ಕತ್ತರಿ ಹಾಕುವುದು ನಕಲಿಗೆ ಮಾತ್ರ ಇರಲಿ. ಗ್ರೀನ್ಲಾನ ಕಾಗದಗಳು ಉಳಿದದ್ದರಿಂದಲೇ ರಥದ ಶಿಖರ ನಮಗೆ ಗೊತ್ತಾಯಿತು. ಚಿತ್ರದೊಂದಿಗೆ ಊರಿನ ಹೆಸರು, ದಿನಾಂಕ, ಎದುರಿನ ಗದ್ದೆಯನ್ನು ಉಳುವವರು ಯಾರು ಎಂಬುದನ್ನೂ ಎರಡು ಸಾಲು ಬರೆದಿಡಿ, ಅಲ್ಲಿಯವರನ್ನೇ ಕೇಳಿ ಸರಿಯಾಗಿ ಬರೆದಿಡಿ. ಇಂದು ಬೇಡವೆನಿಸಿ ಕತ್ತರಿಸಿದ ಮೂಲೆಯನ್ನೇ ನಾಳೆ ಯಾರಾದರೂ ಹುಡುಕಿಕೊಂಡು ಬರಬಹುದು.